ಗಂಧರಾಜದ ಬುಡಕ್ಕೆ ಬಿದ್ದ ಹಾಲು

ಕಮಲಾಪುರ
11 ಮಾರ್ಚ್ 2025, ಮಂಗಳವಾರ

ಪ್ರೀತಿಯ ಸೌಂದರ್ಯಾ,

ಮೊದಲು ನಿನ್ನ ಆರೋಗ್ಯದ ವಿಚಾರ. ಧಾರವಾಡದ ತಂಗಾಳಿಗೆ ಹತ್ತಿದ ಕೆಮ್ಮು ಇಳಿಯಿತೇ? ಹಾಸ್ಟೆಲ್ಲಿನ ಊಟ ಈಗಲಾದರೂ ಬಾಯಿಗೆ ಹತ್ತುತ್ತಿದೆಯೋ, ಇಲ್ಲ ನಿನ್ನ ಅವ್ವ ಕಟ್ಟಿ ಕಳಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಮೇಲೆಯೇ ದಿನ ದೂಡುತ್ತಿರುವೆಯೋ? ಇಲ್ಲಿ ನಿನ್ನ ಅವ್ವ, ಅಪ್ಪ ಇಬ್ಬರೂ ಚೆನ್ನಾಗಿದ್ದಾರೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮಾತ್ರ ತಕರಾರು ತೆಗೆಯುತ್ತದೆ, ಸಪಾಟು ನೆಲದ ಮೇಲೆ ಹೇಳಿದಂತೆ ಕೇಳುತ್ತದೆ. ಬಿಸಿಲು ಈಗಲೇ ಕೆಂಡವಾಗಿದೆ. ನಮ್ಮ ಊರಿನ ಕೆಂಪು ಬಾಳೆಯ ಎಲೆಗಳು ಮಧ್ಯಾಹ್ನದ ಹೊತ್ತಿಗೆ ಸೋತು ಮಡಚಿಕೊಳ್ಳುತ್ತವೆ, ಸಂಜೆಗೆ ಮತ್ತೆ ಬಿಚ್ಚಿಕೊಳ್ಳುತ್ತವೆ.

ಕ್ಷೇಮಸಮಾಚಾರ ಮುಗಿಯಿತು. ಮುಂದಿನದನ್ನು ಕುಳಿತುಕೊಂಡು ಓದು. ಈ ಪತ್ರವನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಸಿಟ್ಟಿನ ಆಯುಷ್ಯ, ನೀನು ಮೂಗು ಎಳೆಯುವ ಸದ್ದು ಕೇಳುವವರೆಗೆ ಮಾತ್ರ. ಕಾಗದದ ಮೇಲೆ ಅದು ಸ್ವಲ್ಪ ದಿನ ಉಳಿಯಲಿ ಎಂದು ಪೆನ್ನು ಹಿಡಿದಿದ್ದೇನೆ.

ಶುಕ್ರವಾರ ಫೋನಿನಲ್ಲಿ ನೀನು ಆಡಿದ ಮಾತುಗಳನ್ನು ನಿನಗೇ ಓದಿ ಹೇಳುತ್ತೇನೆ, ಕೇಳು. "ಮಾಮಾ, ಗಂಧರಾಜ ಒಣಗಾಕತ್ತದ. ಅತ್ತಿ ಫೋನಿನ್ಯಾಗ ಭಾಳ ಅತ್ತರು. ಸೊಸಿ ಇಲ್ಲದ ಮನ್ಯಾಗ ಗಿಡಾನೂ ನಿಲ್ಲವಲ್ದು ಅಂದ್ರು. ನಾ ಯುಗಾದಿಗೆ ಬಂದುಬಿಡ್ತೀನಿ. ಪರೀಕ್ಷಾ ಮುಂದಿನ ವರ್ಷ ಬರದ್ರಾತು." ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರಿನಲ್ಲಿ, ಪ್ರಾಜೆಕ್ಟು ಅರ್ಧ ಬರೆದು ಮೇಜಿನ ಮೇಲೆ ಇಟ್ಟುಕೊಂಡು, ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಹೇಳುವ ಮಾತೇ ಇದು? ಕುಂಡದಲ್ಲಿರುವ ಒಂದು ಗಿಡದ ಎಲೆ ಹಳದಿಯಾಯಿತೆಂದು ನೀನು ಪೆಟ್ಟಿಗೆ ಕಟ್ಟಲು ಹೊರಟಿದ್ದೀ! ಎಲೆ ಏಕೆ ಹಳದಿಯಾಯಿತೆಂದು ಒಂದು ಪ್ರಶ್ನೆ ಕೇಳಲಿಲ್ಲ. ಮಣ್ಣು ಹೇಗಿದೆ, ನೀರು ಯಾವುದು, ಬಿಸಿಲು ಎಷ್ಟು ಎಂದು ವಿಚಾರಿಸಲಿಲ್ಲ. ಮನೆಯಲ್ಲಿ ಸೊಸೆ ಇದ್ದಾಳೋ ಇಲ್ಲವೋ ಎಂಬುದನ್ನು ಯಾವ ಬೇರು ತಿಳಿಯಬಲ್ಲದು? ನಿನ್ನ ಪ್ರಾಧ್ಯಾಪಕರನ್ನು ಕೇಳಿ ನನಗೂ ತಿಳಿಸು.

ನಿನಗೆ ಆ ಕುಂಬಳಕಾಯಿಯ ನೆನಪಿದೆಯೇ? ನೀನು ಆಗ ಒಂಬತ್ತನೆಯ ತರಗತಿ. ನಮ್ಮ ಶಾಲೆಯ ಹಿತ್ತಲಿನ ಬಳ್ಳಿಯಲ್ಲಿ ಎಳೆಗಾಯಿ ಬಿಟ್ಟಿತ್ತು. ಬೆರಳು ಮಾಡಿ ತೋರಿಸಿದರೆ ಕಾಯಿ ಕೊಳೆತುಹೋಗುತ್ತದೆ ಎಂದು ನಿನ್ನ ಗೆಳತಿಯರು ಮುಷ್ಟಿ ಕಟ್ಟಿಕೊಂಡು ಮೊಣಕೈಯಿಂದ ತೋರಿಸುತ್ತಿದ್ದರು. ನೀನು ಮಾತ್ರ ದಿನವೂ ಊಟದ ಬಿಡುವಿನಲ್ಲಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹತ್ತೂ ಬೆರಳು ಚಾಚಿ ತೋರಿಸುತ್ತಿದ್ದೆ. ಕಾಯಿ ಬೆಳೆದು ನಿನ್ನ ಕೈಯಲ್ಲಿ ಎತ್ತಲಾಗದಷ್ಟು ದೊಡ್ಡದಾಯಿತು. ಅದನ್ನು ದುಪ್ಪಟ್ಟಾದಲ್ಲಿ ಕೂಸಿನಂತೆ ಹೊತ್ತು ತಂದು ಶಿಕ್ಷಕರ ಕೋಣೆಯ ಮೇಜಿನ ಮೇಲೆ ಇಟ್ಟು, "ಸರ್, ಇದಕ್ಕ ನನ್ನ ಬೆರಳಿನ ದೋಷ ತಾಗೇ ಇಲ್ಲ ನೋಡ್ರಿ" ಎಂದೆ. ಶಾಲೆಯಲ್ಲಿ ಸರ್, ಮನೆಯಲ್ಲಿ ಮಾಮಾ ಎಂದು ಕರೆಯುವ ಶಿಸ್ತೂ ನಿನಗಿತ್ತು. ಅಂದು ಆ ಮೇಜಿನ ಮುಂದೆ ನಿಂತ ಹುಡುಗಿಯನ್ನು ನಂಬಿ ನಾನು ನಿನ್ನ ಅಪ್ಪನೊಂದಿಗೆ ವಾದ ಮಾಡಿದೆ, ಮದುವೆಯಾದ ಮೇಲೂ ನಿನ್ನ ಓದಿಗಾಗಿ ಬೀಗರ ಮನೆಯ ಬಾಗಿಲಿಗೆ ಹೋಗಿ ನಿಂತೆ. ಈಗ ಅದೇ ಹುಡುಗಿ ಮುಷ್ಟಿ ಕಟ್ಟಿಕೊಂಡಿದ್ದಾಳೆ.

ಮುಂದಿನ ವರ್ಷ ಎಂಬ ಮಾತಂತೂ ನನ್ನ ಮುಂದೆ ಆಡಬೇಡ. ಮುಂದಿನ ವರ್ಷ ಬರೆಯುತ್ತೇನೆಂದು ಹೋದ ಎಷ್ಟೋ ಹುಡುಗಿಯರಿಗೆ ನಾನು ಪಾಠ ಹೇಳಿದ್ದೇನೆ. ಸಂತೆಯಲ್ಲಿ ಸಿಗುತ್ತಾರೆ. ತರಕಾರಿ ಚೀಲ ಕೆಳಗಿಟ್ಟು ನಮಸ್ಕಾರ ಮಾಡುತ್ತಾರೆ, ಮಕ್ಕಳನ್ನು ತೋರಿಸುತ್ತಾರೆ, ಮತ್ತು ನಾನು ಏನು ಕೇಳಿಬಿಡುತ್ತೇನೋ ಎಂದು ಅವಸರದಿಂದ ಹೊರಟುಬಿಡುತ್ತಾರೆ. ಆ ಸಾಲಿನಲ್ಲಿ ನೀನು ನಿಲ್ಲುವುದನ್ನು ನೋಡುವ ಮನಸ್ಸು ನನಗಿಲ್ಲ.

ನೀನು ಕೇಳದಿದ್ದರೆ ಏನಾಯಿತು, ನಾನೇ ಹೋಗಿ ಕೇಳುತ್ತೇನೆಂದು ಭಾನುವಾರ ಮೊದಲ ಬಸ್ಸಿಗೆ ಕಲಬುರಗಿಗೆ ಹೋದೆ. ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳ ಬಾಗಿಲು ಇನ್ನೂ ತೆರೆದಿರಲಿಲ್ಲ, ಆಟೋ ಸರಾಗವಾಗಿ ಶಹಾಬಜಾರಕ್ಕೆ ಮುಟ್ಟಿಸಿತು. ನಿಮ್ಮ ಓಣಿಯಲ್ಲಿ ತಿರುಗುವಾಗಲೇ ಮೂಗು ಅಗಲಿಸಿಕೊಂಡೆ. ನೀನು ಈ ಮನೆಯಲ್ಲಿದ್ದ ದಿನಗಳಲ್ಲಿ ಬಂದಾಗ ಮನೆ ಇನ್ನೂ ಕಾಣದಿರುವಾಗಲೇ ಗಂಧರಾಜದ ವಾಸನೆ ನನ್ನನ್ನು ಕೈಹಿಡಿದು ಬಾಗಿಲಿಗೆ ಕರೆದೊಯ್ದಿತ್ತು. ಈ ಸಲ ಏನೂ ಇಲ್ಲ. ಎದುರು ಮನೆಯ ಇಕ್ಬಾಲ್ ಬೇಗಂ ಅವರು ಹೊಸ್ತಿಲು ತೊಳೆಯುತ್ತಿದ್ದವರು ನನ್ನನ್ನು ಗುರುತಿಸಿ, "ಆವೋ ಮಾಸ್ಟರ್ ಸಾಬ್! ಪಹ್ಲೆ ತುಮಾರೆ ಝಾಡ್ ಸೆ ಫೂಲ್ ಕೀ ಬಾಸ್ ಆತೀ ಥೀ, ಅಬ್ ದಹೀ ಕೀ ಆರೈ" ಎಂದರು. ಮೊದಲು ಹೂವಿನ ವಾಸನೆ ಬರುತ್ತಿತ್ತು, ಈಗ ಮೊಸರಿನದು ಬರುತ್ತಿದೆಯಂತೆ! ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕಟ್ಟೆಯ ಮೇಲೆ ಕುಂಡವಿತ್ತು. ನಿನ್ನ ಮದುವೆಯ ದಿನ ನಾನು ಇಲ್ಲಿಂದ ಟೆಂಪೋದಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಕುಂಡ. "ಸ್ವಾದರಮಾವ ಅಂದ್ರ ತಿಜೋರಿ ಕೊಡಬೇಕ್ರಿ, ಇವ್ರು ಮಣ್ಣು ಹೊತ್ತು ತಂದಾರ" ಎಂದು ಹಂದರದ ಕೆಳಗೆ ಯಾರೋ ಆಡಿಕೊಂಡಾಗ, ಹೌದು, ಕಮಲಾಪುರದ ಮಣ್ಣು, ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ಈಗ ಆ ಮಣ್ಣಿನ ಮೇಲೆ ಬೂದುಬಣ್ಣದ ಹೆಕ್ಕಳದ ಪದರ ಗಟ್ಟಿಯಾಗಿ ಕುಳಿತಿದೆ. ಬೆರಳಿನಿಂದ ಕೆದರಿದರೆ ಹುಳಿ ನಾತ. ಕುಂಡದ ಅಂಚಿನಲ್ಲಿ ಇರುವೆಗಳ ದಂಡು. ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ಮೊಗ್ಗುಗಳು ಕಪ್ಪಾಗಿ ಮುಟ್ಟಿದರೆ ಉದುರುತ್ತವೆ. ಕೊಂಬೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ದಾರ. ದೃಷ್ಟಿ ತಾಗಬಾರದೆಂದು ನಿನ್ನ ಗಂಡ ಗುರುಪ್ರಸಾದ ಕಟ್ಟಿದ್ದಂತೆ. ಅವನು ಸೂಪರ್ ಮಾರ್ಕೆಟ್ಟಿನಿಂದ ಹೂವಿನ ಗೊಬ್ಬರದ ಪೊಟ್ಟಣವನ್ನೂ ತಂದು, ಗಿಡ ಬಾಡಿದಷ್ಟೂ ಹೆಚ್ಚು ಹೆಚ್ಚು ಸುರಿದಿದ್ದಾನೆ. ಏನಪ್ಪಾ ಇದು ಎಂದರೆ, "ಮಾಮಾ, ಪಾಕೀಟಿನ ಮ್ಯಾಲಿನ ಫೋಟೋ ಭಾಳ ಛಲೋ ಇತ್ರಿ" ಎಂದು ತಲೆ ಕೆರೆದುಕೊಂಡ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನೂ ಹೀಗೆಯೇ ಫೋಟೋ ನೋಡಿ ಮಂಜೂರು ಮಾಡುತ್ತೀಯೇನು ಎಂದು ಕೇಳಿದೆ. ಅಳಿಯನಿಗೆ ಹಾಗೆ ಅನ್ನಬಾರದಿತ್ತು. ಅಂದೆ.

ಅಷ್ಟರಲ್ಲಿ ನಿನ್ನ ಅತ್ತೆ ಲಲಿತಾಬಾಯಿಯವರು ಪೂಜೆ ಮುಗಿಸಿ, ತಂಬಿಗೆ ಹಿಡಿದು, ಗೋಡೆ ಹಿಡಿಯುತ್ತ ಹಿಡಿಯುತ್ತ ಹೊರಗೆ ಬಂದರು. ನನ್ನ ಕಣ್ಣೆದುರಿಗೇ ದೇವರ ಜಗಲಿಯ ಲಿಂಗಕ್ಕೆ ಎರೆದ ನೀರನ್ನು, ವಿಭೂತಿ ಕದಡಿದ, ಹಾಲು ಬೆರೆತ, ಬೆಲ್ಲದ ಚೂರು ತೇಲುವ ಆ ನೀರನ್ನು, ಗಂಧರಾಜದ ಬುಡಕ್ಕೆ ಭಕ್ತಿಯಿಂದ ಸುರಿದು ಕೈಮುಗಿದರು. "ಒಂದ ದಿನಾನೂ ತಪ್ಪಿಸಿಲ್ರಿ ಮಾಸ್ತರ" ಎಂದರು. ನಾನು ತಡೆಯಲಾರದೆ, "ಬಾಯಾರ, ನೀವು ದಿನಾ ಗಿಡಕ್ಕ ವಿಷ ಹಾಕಾಕತ್ತೀರಿ" ಎಂದುಬಿಟ್ಟೆ. ಅವರು ತಂಬಿಗೆಯನ್ನು ಎದೆಗೊತ್ತಿಕೊಂಡು ಒಳಗೆ ಹೋದವರು ನಾನು ಚಹಾ ಕುಡಿದು ಎದ್ದರೂ ಹೊರಗೆ ಬರಲಿಲ್ಲ.

ಪೂಜೆಯ ನೀರನ್ನು ತುಳಿಯಬಾರದು, ಬಚ್ಚಲಿಗೆ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು. ಈ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ನನ್ನ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಆದರೆ ಆಕೆಗೆ ಹಿತ್ತಲಿತ್ತು, ಹಿತ್ತಲಿನಲ್ಲಿ ಹತ್ತು ಗಿಡಗಳಿದ್ದವು, ಒಂದೊಂದು ದಿನ ಒಂದೊಂದು ಗಿಡಕ್ಕೆ ಪಾಳಿ. ನಿಮ್ಮ ಮನೆಯಲ್ಲಿ ಹಿತ್ತಲಿನ ಜಾಗಕ್ಕೆ ಕೋಣೆ ಬಂತು, ಅಂಗಳಕ್ಕೆ ಫರಸಿ ಕಲ್ಲು ಬಿತ್ತು. ಇಡೀ ಮನೆಯಲ್ಲಿ ಮಣ್ಣು ಎಂದು ಉಳಿದಿರುವುದು ಆ ಕುಂಡದಲ್ಲಿ ಮಾತ್ರ. ಮನೆಯ ದೇವರ ಭಾರವೆಲ್ಲ ಒಂದು ಮೊಳದ ಗಿಡದ ಮೇಲೆ ಬಿದ್ದರೆ ಅದು ತಾಳಬೇಕೇ? ವಿಭೂತಿಯೆಂದರೆ ಬೂದಿ, ಬೂದಿಯೆಂದರೆ ಕ್ಷಾರ. ಗಂಧರಾಜಕ್ಕೆ ಬೇಕಾದದ್ದು ಹುಳಿಗುಣದ ಮಣ್ಣು. ಕ್ಷಾರ ಏರಿದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಎತ್ತಿಕೊಳ್ಳಲಾರದು, ಎಲೆ ನರ ಬಿಟ್ಟು ಹಳದಿಯಾಗುತ್ತದೆ. ಇದನ್ನು ನಿನ್ನ ಬಿ.ಎಸ್ಸಿ.ಯ ಎರಡನೆಯ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆಂದೂ, ನೀನು ಚಿತ್ರ ಸಹಿತ ಬರೆದು ಬಂದೆಯೆಂದೂ ನನಗೆ ಹಿಗ್ಗಿನಿಂದ ಹೇಳಿದವಳು ನೀನೇ ಅಲ್ಲವೇ?

ಆದರೆ ನನ್ನ ಸಿಟ್ಟಿನ ಮುಖ್ಯ ಕಾರಣ ಇದೂ ಅಲ್ಲ. ಹೊರಡುವಾಗ ಗುರುಪ್ರಸಾದನನ್ನು ಕೇಳಿದೆ: ಸೌಂದರ್ಯಾ ಇದ್ದಾಗ ಪೂಜೆಯ ನೀರು ಎಲ್ಲಿಗೆ ಹೋಗುತ್ತಿತ್ತು? ಅವನು ಯೋಚಿಸಿ, "ಆಕಿ ದಿನಾ ತಂಬಿಗಿ ತಗೊಂಡು ಓಣಿ ಕಡೀಕಿನ ಮಠದ ತನಕ ಹೋಗ್ತಿದ್ಲು ಮಾಮಾ. ಅಲ್ಲಿ ಪತ್ರಿಗಿಡಕ್ಕ ಹಾಕಿ ಬರ್ತಿದ್ಲು. ಭಾಳ ಭಕ್ತಿ ಅದ ಆಕಿಗೆ ಅಂತ ಅವ್ವ ಎಲ್ಲಾರ ಮುಂದ ಹೇಳ್ತಿದ್ಲು" ಎಂದ. ಬಿಲ್ವದ ಗಿಡಕ್ಕೆ ನೀರೆರೆಯುವ ಭಕ್ತಿಯಂತೆ! ನನಗೆ ಆಗ ಎಲ್ಲವೂ ತಿಳಿಯಿತು. ನಿನಗೆ ಗೊತ್ತಿತ್ತು. ಆ ನೀರು ಗಂಧರಾಜಕ್ಕೆ ಆಗಿಬರುವುದಿಲ್ಲವೆಂದು ಮದುವೆಯಾಗಿ ಬಂದ ಮೊದಲ ವಾರದಿಂದಲೇ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಸಂಭಾವಿತ ಸೊಸೆ ಅನ್ನಿಸಿಕೊಂಡು, ದಿನವೂ ತಂಬಿಗೆ ಹೊತ್ತು ಓಣಿಯುದ್ದಕ್ಕೂ ನಡೆದೆ. ಧಾರವಾಡಕ್ಕೆ ಹೋಗುವಾಗಲೂ ಹೇಳಲಿಲ್ಲ. ಅತ್ತೆಯ ಕಾಲಿನಲ್ಲಿ ಮಠದವರೆಗೆ ನಡೆಯುವ ಶಕ್ತಿಯಿಲ್ಲ, ನೀರು ಇನ್ನೆಲ್ಲಿಗೆ ಹೋದೀತು ಎಂದು ಒಮ್ಮೆಯಾದರೂ ಯೋಚಿಸಿದೆಯಾ? ಗಿಡ ಒಣಗುತ್ತಿರುವುದು ನೀನು ಮನೆಯಲ್ಲಿ ಇಲ್ಲವೆಂದಲ್ಲ. ನೀನು ಹೇಳಬೇಕಾದ ಒಂದು ಮಾತನ್ನು ಹೇಳದೆ ಹೋದೆ ಎಂದು.

ಹೊಸ ಸೊಸೆ ಹೇಗೆ ಹೇಳಲಿ ಮಾಮಾ ಎನ್ನುತ್ತೀ. ಬಲ್ಲೆ. ಪೂಜೆಯ ನೀರಿನಿಂದ ಗಿಡ ಕೆಡುತ್ತದೆಂದರೆ ಅತ್ತೆ ನೊಂದುಕೊಂಡಾರು, ನಾಲ್ಕು ಅಕ್ಷರ ಕಲಿತವಳ ಸೊಕ್ಕು ಎಂದು ನೆಂಟರು ಆಡಿಕೊಂಡಾರು. ಆದರೆ ಹೇಳದೆಯೇ ಎಲ್ಲವನ್ನೂ ಹೊತ್ತು ನಡೆಯುವವಳು ಒಂದು ದಿನ ಇಲ್ಲವಾದರೆ, ಅವಳು ಹೊತ್ತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅವಳು ಇಲ್ಲದಿರುವುದು ಮಾತ್ರ ಬೀಳುತ್ತದೆ. ಈಗ ಆಗಿರುವುದು ಅದೇ. ಕಲಿತದ್ದನ್ನು ಪರೀಕ್ಷೆಯಲ್ಲಿ ಬರೆದು ಬಂದು ಮನೆಯ ಹೊಸ್ತಿಲಿನ ಹೊರಗೆ ಚಪ್ಪಲಿಯ ಜೊತೆ ಬಿಡುವುದಾದರೆ ನಾನು ಆ ಕುಂಬಳಕಾಯಿಯನ್ನು ಅಂದೇ ಸಾರು ಮಾಡಿ ಮರೆಯಬೇಕಿತ್ತು.

ಇರಲಿ. ಸಿಟ್ಟಿನಿಂದ ಬೇರು ಚಿಗುರುವುದಿಲ್ಲ. ನಾಳೆ ಮತ್ತೆ ಹೋಗುತ್ತೇನೆ. ಇಂದು ಮಧ್ಯಾಹ್ನ ಗುಡ್ಡದ ಕಡೆ ನಡೆದು ಒಂದು ಚೀಲ ಕೆಂಪು ಮಣ್ಣು ತುಂಬಿಸಿಕೊಂಡು ಬಂದಿದ್ದೇನೆ. ಕಲಬುರಗಿಯ ಎರೆಮಣ್ಣು ನೀರು ಹಿಡಿದುಕೊಂಡು ಕೂಡುತ್ತದೆ, ಗಂಧರಾಜದ ಬೇರಿಗೆ ಅದರ ಸಹವಾಸ ಬೇಡ. ಗಿಡವನ್ನು ಕುಂಡದಿಂದ ಬಿಡಿಸಿ, ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಕೆಂಪು ಮಣ್ಣಿಗೆ ಕೊಳೆತ ಎಲೆಗೊಬ್ಬರ ಮತ್ತು ಸ್ವಲ್ಪ ಉಸುಕು ಬೆರೆಸಿ ಮತ್ತೆ ಹೂಳುತ್ತೇನೆ. ಕುಂಡದ ತಳದ ರಂಧ್ರ ಖಂಡಿತ ಮುಚ್ಚಿಹೋಗಿರುತ್ತದೆ, ಅದಕ್ಕೆ ಒಡೆದ ಮಡಕೆಯ ಬೋಕಿ ಚೂರು ಇಡಬೇಕು. ಮೊಗ್ಗುಗಳನ್ನೆಲ್ಲ ಚಿವುಟುತ್ತೇನೆ. ಬೇರಿಗೇ ಉಣ್ಣಲು ಇಲ್ಲದಾಗ ಹೂವಿನ ಶೋಕಿ ಯಾಕೆ? ಕಟ್ಟೆಯ ಮೇಲೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಬೆಳಗಿನ ಎಳೆಬಿಸಿಲು ಮಾತ್ರ ಬರುವ ಪೂರ್ವದ ಕಿಟಕಿಯ ಕೆಳಗೆ ಇಡಿಸುತ್ತೇನೆ. ಬೋರಿನ ನೀರಿನಲ್ಲಿ ಸುಣ್ಣವಿದೆ, ನಲ್ಲಿಯ ನೀರನ್ನು ಒಂದು ದಿನ ಹಿಡಿದಿಟ್ಟು ಹಾಕಲು ಹೇಳುತ್ತೇನೆ, ಅದೂ ಬೆರಳು ಇಳಿಸಿ ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ. ಗುರುಪ್ರಸಾದನ ಪೊಟ್ಟಣವನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ. ಬೇರಿನಲ್ಲಿ ಇನ್ನೂ ಬಿಳಿಯ ಎಳೆಗಳು ಉಳಿದಿದ್ದರೆ ಗಿಡ ಬದುಕುತ್ತದೆ. ಈ ಕೆಲಸಕ್ಕೆ ನೀನು ಬೇಕಾಗಿಲ್ಲ. ನಾನು ಸಾಕು.

ಆದ್ದರಿಂದ ಯುಗಾದಿಗೆ ಬರಬೇಡ. ಬೇವು-ಬೆಲ್ಲವನ್ನು ಪೊಟ್ಟಣ ಕಟ್ಟಿ ಕಳಿಸುತ್ತೇನೆ, ಹಾಸ್ಟೆಲ್ಲಿನಲ್ಲೇ ತಿನ್ನು. ಪ್ರಾಜೆಕ್ಟು ಮುಗಿಸು, ಪರೀಕ್ಷೆ ಬರೆ, ಆಮೇಲೆ ಬಾ. ನಿನ್ನ ಅತ್ತೆಯವರ ಅಳುವಿಗೆ ಏನು ಉತ್ತರ ಎಂದರೆ, ಆ ಉತ್ತರವನ್ನು ನಾಳೆ ನಾನೇ ಕೊಡುತ್ತೇನೆ. ಸೊಸೆಯನ್ನು ಓದಲು ಕಳಿಸಿ, ಬೆನ್ನ ಹಿಂದೆ ಗಿಡದ ನೆಪದಿಂದ ಹಗ್ಗ ಜಗ್ಗುವುದು ಸರಿಯಲ್ಲವೆಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ.

ನಿನ್ನ ಅವ್ವ ನಿನಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ. ನಾನು ಹೇಳುವುದು, ತಲೆಯನ್ನು ಎತ್ತಿ ಇಟ್ಟುಕೋ. ನಿನ್ನ ಓದು ಫಲಿಸಲಿ, ನಿನ್ನ ಮಾತಿಗೆ ಧೈರ್ಯ ಬರಲಿ ಎಂದು ಹರಸುವ,

ನಿನ್ನ ಮಾಮಾ,
ಅಂಬಣ್ಣ

ತಾ.ಕ.: ಶಹಾಬಜಾರ, ಬುಧವಾರ ಬೆಳಿಗ್ಗೆ. ಅಂಟಿಸಿದ ಲಕೋಟೆಯನ್ನು ಹರಿದು ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಕೈಯ ಮಣ್ಣು ಕಾರಣ. ಹಗ್ಗ ಜಗ್ಗುವ ಮಾತನ್ನು ಹೊಡೆದುಹಾಕಿಕೊಂಡು ಓದು. ಗಿಡವನ್ನು ಕುಂಡದಿಂದ ಬಿಡಿಸಿ ಕೊಳೆತ ಬೇರು ತೋರಿಸಿದಾಗ ನಿನ್ನ ಅತ್ತೆ ಮಣೆ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಒಂದು ಕೊಳೆತ ಎಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ ಹೇಳಿದರು: "ಮಾಸ್ತರ, ಮೊದಲು ನಾ ಲಿಂಗಕ್ಕ ಬರೇ ನೀರು ಎರೀತಿದ್ದೆ. ಹಾಲು ಸುರು ಮಾಡಿದ್ದು ಆಕಿ ಧಾರವಾಡಕ್ಕ ಹೋದ ಮ್ಯಾಲ. ಆಕಿ ಪಾಸಾಗಿ ಬರೂತನಕ ದಿನಾ ಹಾಲು ಎರೀತೀನಿ ಅಂತ ಬೇಡ್ಕೊಂಡೀನ್ರಿ. ಆಕಿ ಹೆಸರಿಲೆ ಎರದದ್ದು ಎಲ್ಲೆಲ್ಲೋ ಯಾಕ ಚೆಲ್ಲಬೇಕು, ಆಕಿ ಗಿಡಕ್ಕ ಮುಟ್ಟಲಿ ಅಂತ ಹಾಕಿದೆ." ಫೋನಿನಲ್ಲಿ ಅತ್ತದ್ದೇಕೆ ಎಂದು ಕೇಳಿದೆ. "ಆಕಿ ಇಲ್ಲಂತನ ಗಿಡ ಹೋಗಾಕತ್ತದ ಅಂತ ನನಗ ಖರೇನ ಅನಸ್ತದ್ರಿ. ಅತ್ತೀನಿ. ಆದ್ರ ಬಾ ಅಂದೀನೇನು? ಕೇಳ್ರಿ ಆಕಿನ್ನ, ಒಂದ ಸಲ ಬಾ ಅಂದೀನೇನು?"

ಅಂದಿದ್ದಾರೆಯೇ, ಸೌಂದರ್ಯಾ? ಸೊಸೆ ಇಲ್ಲವೆಂದೇ ಗಿಡ ಹೋಗುತ್ತಿದೆ ಎಂದು ನಂಬಿದ ಹೆಂಗಸು, ಕಣ್ಣೆದುರಿಗೆ ಅದು ಒಣಗುತ್ತಿದ್ದರೂ ನಿನ್ನನ್ನು ಕರೆಯಲಿಲ್ಲ, ಹಾಲು ಎರೆಯುವುದನ್ನೂ ಬಿಡಲಿಲ್ಲ. ನೀನು ಅರ್ಧಕ್ಕೆ ಎದ್ದು ಬಂದರೆ ಮುರಿಯುವುದು ಆ ಹರಕೆ. ಈ ಪತ್ರ ಮುಟ್ಟಿದ ಕೂಡಲೇ ನನಗಲ್ಲ, ಅವರಿಗೆ ಫೋನ್ ಮಾಡು. ಬರುವುದಿಲ್ಲವೆಂದು ಹೇಳು, ನೀನು ತಂಬಿಗೆ ಹೊತ್ತು ಮಠಕ್ಕೆ ಏಕೆ ಹೋಗುತ್ತಿದ್ದೆ ಎಂಬುದನ್ನೂ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿಲ್ಲ, ನಿನಗಾಗಿ ಉಳಿಸಿದ್ದೇನೆ. ಬೇರಿನಲ್ಲಿ ಬಿಳಿಯ ಎಳೆಗಳಿವೆ.

ಇಂದಿನ ಹಾಲು-ನೀರನ್ನು ಏನು ಮಾಡಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಡೆಗೆ ಗುರುಪ್ರಸಾದ ಬ್ಯಾಂಕಿಗೆ ಹೋಗುವ ಇಸ್ತ್ರಿ ಪ್ಯಾಂಟಿನಲ್ಲೇ ತಂಬಿಗೆ ಎತ್ತಿಕೊಂಡು ಮಠದ ಪತ್ರಿಗಿಡದ ಕಡೆ ನಡೆದ. ಇಕ್ಬಾಲ್ ಬೇಗಂ ಬಾಗಿಲಲ್ಲಿ ನಿಂತು ನಗುತ್ತಿದ್ದಾರೆ. ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಅರ್ಧ ಮೈಮೇಲೆ ಚೆಲ್ಲಿಕೊಂಡಿದ್ದಾನೆ. ಕಲಿಯುತ್ತಾನೆ.